ತಲೆಯೆಣಿಕೆಯ ಸದನ ಮತ್ತು ಮಲೆನಾಡಿನ ದನಿ

(ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿ ಹಾಗೂ ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿ ದುಡಿಯುತ್ತಿರುವ ಮಲೆನಾಡಿಗರು ಅತ್ತಿಬೆಲೆಯಲ್ಲಿ ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಮಾಡಿದ ಉಪನ್ಯಾಸದ ಬರಹ ರೂಪ)



ಪರಿಸರದ ವೇದಿಕೆಯಲ್ಲಿ ರಾಜ್ಯ ವಿಧಾನಮಂಡಲದ ರಚನೆಯ ಕುರಿತು ಮಾತನಾಡುವುದು ಕೆಲವರಿಗೆ ಅಸಂಗತವೆನಿಸಬಹುದು. ನಮ್ಮ ಸಭೆಗಳಲ್ಲಿ ಕಾಡು, ನದಿ, ಗಣಿ, ಅಣೆಕಟ್ಟುಗಳ ಮಾತೇ ಹೆಚ್ಚು. ಆದರೆ ಯಾವ ಕಾಡನ್ನು ಉಳಿಸಬೇಕು, ಯಾವ ಹೊಳೆಯನ್ನು ತಿರುಗಿಸಬೇಕು, ಯಾವ ಕೆರೆಯ ಅಂಚಿನಲ್ಲಿ ಎಷ್ಟು ಮೀಟರು ಬಿಟ್ಟು ಕಟ್ಟಡ ಕಟ್ಟಬೇಕು ಎಂಬ ಪ್ರಶ್ನೆಗಳೆಲ್ಲ ಒಂದಲ್ಲ ಒಂದು ಹಂತದಲ್ಲಿ ವಿಧಾನಸೌಧವನ್ನು ತಲುಪುತ್ತವೆ. ಅಲ್ಲಿ ಯಾರು ಕುಳಿತಿರುತ್ತಾರೆ, ಅವರು ಅಲ್ಲಿಗೆ ಹೇಗೆ ಬರುತ್ತಾರೆ, ಬಂದ ಮೇಲೆ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ತಿಳಿಯದೆ ನಡೆಸುವ ಹೋರಾಟ ರಸ್ತೆಯಲ್ಲಿ ಹುಟ್ಟಿ ರಸ್ತೆಯಲ್ಲಿಯೇ ಮುಗಿಯುತ್ತದೆ. ಆದ್ದರಿಂದ ಇಂದು ಈ ವಿಷಯವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಈ ಮಾತಿಗೆ ಅತ್ತಿಬೆಲೆಗಿಂತ ಸೂಕ್ತವಾದ ಸ್ಥಳ ಇನ್ನೊಂದಿಲ್ಲ. ಇದು ರಾಜ್ಯದ ಗಡಿ. ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ತಮಿಳುನಾಡಿನ ಹೊಸೂರು. ಇಲ್ಲಿನ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಲ್ಲಿ ತೀರ್ಥಹಳ್ಳಿಯವರಿದ್ದಾರೆ, ಕೊಪ್ಪದವರಿದ್ದಾರೆ, ಸಿದ್ದಾಪುರ, ಸಕಲೇಶಪುರ, ಸೋಮವಾರಪೇಟೆಗಳಿಂದ ಬಂದವರಿದ್ದಾರೆ. ಅಡಿಕೆಯ ಬೆಲೆ, ಕೊಳೆರೋಗ, ಕಾಫಿಯ ಏರಿಳಿತ, ಊರಿನಲ್ಲಿ ಉದ್ಯೋಗವಿಲ್ಲದಿರುವುದು, ಹೀಗೆ ಕಾರಣಗಳು ಹಲವು. ಒಬ್ಬೊಬ್ಬರೂ ಬರುವಾಗ ಒಂದು ಚೀಲ, ಒಂದು ಪ್ರಮಾಣಪತ್ರವನ್ನಷ್ಟೇ ತಂದೆವೆಂದು ತಿಳಿದಿರುತ್ತೇವೆ. ಆದರೆ ನಮ್ಮೊಡನೆ ವಿಧಾನಸಭೆಯ ಸ್ಥಾನಗಳೂ ಮೆಲ್ಲನೆ ಘಟ್ಟವಿಳಿದು ಬಂದಿವೆ. ಆ ಲೆಕ್ಕವನ್ನು ಮೊದಲು ನೋಡೋಣ.

ಸ್ಥಾನಗಳ ಲೆಕ್ಕ

ನಮ್ಮ ವಿಧಾನಸಭೆಯಲ್ಲಿ ಚುನಾಯಿತ ಸದಸ್ಯರ ಸಂಖ್ಯೆ 224. 1957ರಲ್ಲಿ ಅದು 208 ಇತ್ತು. 1967ರಲ್ಲಿ 216 ಆಗಿ, 1978ರ ಚುನಾವಣೆಯಿಂದ 224ಕ್ಕೆ ನಿಂತಿದೆ. ಆಂಗ್ಲೋ ಇಂಡಿಯನ್ ಸಮುದಾಯದಿಂದ ಒಬ್ಬರನ್ನು ನಾಮಕರಣ ಮಾಡುವ ಪದ್ಧತಿ ಸಂವಿಧಾನದ 104ನೆಯ ತಿದ್ದುಪಡಿಯಿಂದಾಗಿ 2020ರಲ್ಲಿ ಕೊನೆಗೊಂಡಿತು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಮರುವಿಂಗಡಣೆಯ ಪ್ರಕಾರ 36 ಕ್ಷೇತ್ರಗಳು ಪರಿಶಿಷ್ಟ ಜಾತಿಗಳಿಗೆ, 15 ಕ್ಷೇತ್ರಗಳು ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿವೆ. ಅತ್ತಿಬೆಲೆಯನ್ನು ಒಳಗೊಂಡ ಆನೇಕಲ್ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮಹಿಳೆಯರ ಪಾಲನ್ನು ಹೇಳುವುದಾದರೆ, 2023ರ ಚುನಾವಣೆಯಲ್ಲಿ 224 ಸ್ಥಾನಗಳಿಗೆ ಆಯ್ಕೆಯಾದ ಮಹಿಳೆಯರು ಕೇವಲ 10 ಮಂದಿ. ನೀರು ಹೊರುವ, ಸೌದೆ ತರುವ, ಕಾರ್ಖಾನೆಯಲ್ಲಿ ಬಟ್ಟೆ ಹೊಲಿಯುವ ಕೈಗಳಿಗೆ ಸದನದಲ್ಲಿ ಇರುವ ಪಾಲು ಇಷ್ಟು.

ಒಂದು ರಾಜ್ಯದೊಳಗೆ ಎಲ್ಲ ಕ್ಷೇತ್ರಗಳ ಜನಸಂಖ್ಯೆಯೂ ಸಾಧ್ಯವಾದಷ್ಟು ಸಮನಾಗಿರಬೇಕೆಂದು ಸಂವಿಧಾನದ 170ನೆಯ ವಿಧಿ ಹೇಳುತ್ತದೆ. ಒಬ್ಬ ಮನುಷ್ಯನಿಗೆ ಒಂದು ಮತ, ಪ್ರತಿ ಮತಕ್ಕೂ ಒಂದೇ ಬೆಲೆ ಎಂಬ ನ್ಯಾಯ ಇದರ ಹಿಂದಿದೆ. ಈ ನ್ಯಾಯವನ್ನು ನಾವು ಗೌರವಿಸಬೇಕು. ಆದರೆ ಅದು ಜಾರಿಯಾದಾಗ ಗುಡ್ಡಗಾಡಿಗೆ ಏನಾಯಿತು ಎಂಬುದನ್ನೂ ಗಮನಿಸಬೇಕು.

ಕೊಡಗು 1956ರವರೆಗೆ ಪ್ರತ್ಯೇಕ ರಾಜ್ಯವಾಗಿತ್ತು. 1952ರಲ್ಲಿ ಚುನಾಯಿತವಾದ 24 ಸದಸ್ಯರ ಸ್ವಂತ ವಿಧಾನಸಭೆ ಅದಕ್ಕಿತ್ತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಡಗು ನಮ್ಮೊಡನೆ ಸೇರಿತು. 2008ಕ್ಕೆ ಮುನ್ನ ಅಲ್ಲಿ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ಕ್ಷೇತ್ರಗಳಿದ್ದವು. ಈಗ ಸೋಮವಾರಪೇಟೆ ಇಲ್ಲ, ಎರಡೇ ಉಳಿದಿವೆ. ಕಾವೇರಿ ಹುಟ್ಟುವ ಜಿಲ್ಲೆಗೆ 224ರಲ್ಲಿ ಎರಡು ದನಿ. ಶಿವಮೊಗ್ಗ ಜಿಲ್ಲೆಯ ಹೊಸನಗರವನ್ನು ನೋಡಿ. ಲಿಂಗನಮಕ್ಕಿ, ಮಾಣಿ, ಚಕ್ರಾ, ಸಾವೇಹಕ್ಲು ಜಲಾಶಯಗಳಿಗೆ ಗದ್ದೆ, ತೋಟ, ಮನೆ, ದೇವಸ್ಥಾನಗಳನ್ನು ಒಪ್ಪಿಸಿದ ತಾಲ್ಲೂಕು ಅದು. ನಾಡಿಗೆ ವಿದ್ಯುತ್ತು ಕೊಡಲು ಜನ ಊರು ಬಿಟ್ಟರು. ಜನ ಬಿಟ್ಟುಹೋದ ಊರಿನಲ್ಲಿ ತಲೆಗಳು ಕಡಿಮೆಯಾದವು. 2008ರಲ್ಲಿ ಹೊಸನಗರ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳ ನಡುವೆ ಹಂಚಿಹೋಯಿತು. ಇದೇ ಮರುವಿಂಗಡಣೆಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಕ್ಷೇತ್ರಗಳು ಗಣನೀಯವಾಗಿ ಹೆಚ್ಚಿ 28ಕ್ಕೆ ಏರಿದವು.

ಇದು ನಗರದವರು ಮಾಡಿದ ಅನ್ಯಾಯವೆಂದು ಹೇಳಿಬಿಡುವುದು ಸುಲಭ, ಆದರೆ ಅದು ಸತ್ಯವಲ್ಲ. 2023ರ ಮತದಾರರ ಪಟ್ಟಿಯಲ್ಲಿ ಬೆಂಗಳೂರು ದಕ್ಷಿಣ ಕ್ಷೇತ್ರವೊಂದರಲ್ಲೇ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಶೃಂಗೇರಿಯಲ್ಲಿ ಎರಡು ಲಕ್ಷಕ್ಕೂ ಕಡಿಮೆ. ಅಂದರೆ ಇಂದಿನ ಲೆಕ್ಕದಲ್ಲಿ ಶೃಂಗೇರಿಯ ಮತದಾರನ ತೂಕ ನಗರದಂಚಿನ ಮತದಾರನಿಗಿಂತ ಮೂರು ಪಟ್ಟು ಹೆಚ್ಚು. ಮುಂದಿನ ಮರುವಿಂಗಡಣೆ ಈ ವ್ಯತ್ಯಾಸವನ್ನು ಸರಿಪಡಿಸಲು ಹೊರಟರೆ ಮಲೆನಾಡಿನ ಸ್ಥಾನಗಳು ಇನ್ನೂ ಕುಗ್ಗುತ್ತವೆ, ಬೆಂಗಳೂರಿನ ಸುತ್ತಲಿನ ಸ್ಥಾನಗಳು ಇನ್ನೂ ಬೆಳೆಯುತ್ತವೆ. 2001ರಲ್ಲಿ ಬಂದ 84ನೆಯ ತಿದ್ದುಪಡಿ ಸ್ಥಾನಗಳ ಮರುಹೊಂದಾಣಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿದಿತ್ತು. ಆ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಕೇಂದ್ರ ಸರ್ಕಾರ 2025ರಲ್ಲಿ ಪ್ರಕಟಿಸಿತು. ದೂರದ ಮಾತು ಎಂದು ನಾವು ಮುಂದೂಡುತ್ತಾ ಬಂದದ್ದು ಬಾಗಿಲಿಗೆ ಬಂದಿದೆ.

ಮರ ಮತ ಹಾಕುವುದಿಲ್ಲ, ಹೊಳೆಗೆ ಗುರುತಿನ ಚೀಟಿಯಿಲ್ಲ. ತಲೆಯೆಣಿಕೆಯ ಸದನದಲ್ಲಿ ಜನ ವಿರಳವಾದ ನೆಲಕ್ಕೆ ಸ್ಥಾನ ಕಡಿಮೆಯಾಗುವುದು ಅನಿವಾರ್ಯ. ಹಾಗಿದ್ದರೆ ಆ ನೆಲದ ಪರವಾಗಿ ಮಾತನಾಡಬೇಕಾದವರು ಯಾರು? ಇಂದಿನ ನನ್ನ ಮಾತಿನ ತಿರುಳು ಈ ಪ್ರಶ್ನೆಯಲ್ಲಿದೆ.

ಮೇಲ್ಮನೆಯ ಬಾಗಿಲು

ದೇಶದ ಆರು ರಾಜ್ಯಗಳಲ್ಲಿ ಮಾತ್ರ ವಿಧಾನ ಪರಿಷತ್ತು ಇದೆ. ಅವುಗಳಲ್ಲಿ ಕರ್ನಾಟಕವೂ ಒಂದು. ಹಳೆಯ ಮೈಸೂರಿನಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯೂ 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಸ್ಥಾಪನೆಯಾದ ಪರಂಪರೆ ನಮ್ಮದು. ಇಂದಿನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. 25 ಮಂದಿಯನ್ನು ವಿಧಾನಸಭೆಯ ಸದಸ್ಯರು, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, 7 ಮಂದಿಯನ್ನು ಪದವೀಧರರು, 7 ಮಂದಿಯನ್ನು ಶಿಕ್ಷಕರು ಆರಿಸುತ್ತಾರೆ. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಗಳಲ್ಲಿ ಪರಿಣತರಾದ 11 ಮಂದಿಯನ್ನು ರಾಜ್ಯಪಾಲರು ನಾಮಕರಣ ಮಾಡುತ್ತಾರೆ. ಸದಸ್ಯತ್ವದ ಅವಧಿ ಆರು ವರ್ಷ; ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿಯಾಗುತ್ತದೆ.

ತಲೆಯೆಣಿಕೆಯಿಂದ ಹೊರತಾದ ದನಿಗಳಿಗೂ ಎಡೆಯಿರಲಿ ಎಂಬುದೇ ಈ ರಚನೆಯ ಆಶಯ. ಆಚರಣೆ ಬೇರೆ. ನಾಮಕರಣದ ಸ್ಥಾನಗಳು ಬಹಳ ಸಲ ಪಕ್ಷಗಳ ಆಶ್ರಯ ತಾಣಗಳಾಗಿವೆ. ಸ್ಥಳೀಯ ಸಂಸ್ಥೆಗಳ ಪ್ರಾತಿನಿಧ್ಯವೂ ಊನಗೊಂಡಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನಡೆದ ಪರಿಷತ್ ಚುನಾವಣೆ ಆ ಸದಸ್ಯರಿಲ್ಲದೆಯೇ ನಡೆದುಹೋಯಿತು. ಇಷ್ಟಾದರೂ ಆ ಬಾಗಿಲು ಮುಚ್ಚಿಲ್ಲ. ಪದವಿ ಪಡೆದು ಮೂರು ವರ್ಷ ಕಳೆದವರು ತಾವು ನೆಲೆಸಿರುವ ಸ್ಥಳದ ಪದವೀಧರ ಕ್ಷೇತ್ರದಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ಸಿದ್ಧವಾಗುತ್ತದೆ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇದರಲ್ಲಿ ಇರುವುದಿಲ್ಲ. ಇಲ್ಲಿ ಕುಳಿತಿರುವ ಎಂಜಿನಿಯರುಗಳು, ಡಿಪ್ಲೊಮಾ ಮುಗಿಸಿ ಪದವಿ ಪಡೆದವರು ಎಷ್ಟು ಮಂದಿ ನೋಂದಾಯಿಸಿದ್ದೀರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ.

ವಿಧೇಯಕದ ಹಾದಿ

ಇನ್ನು ಸದನ ನಡೆಯುವ ಬಗೆ. ವಿಧೇಯಕವೊಂದನ್ನು ಮಂಡಿಸಬೇಕು, ಅದರ ಖಂಡಖಂಡವನ್ನೂ ಪರ್ಯಾಲೋಚಿಸಬೇಕು, ಮತಕ್ಕೆ ಹಾಕಬೇಕು, ಮತ್ತೊಂದು ಸದನಕ್ಕೆ ಕಳುಹಿಸಬೇಕು, ರಾಜ್ಯಪಾಲರ ಅಂಕಿತ ಪಡೆಯಬೇಕು. ಪರಿಷತ್ತು ಸಾಮಾನ್ಯ ವಿಧೇಯಕವನ್ನು ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದೇ ಹೊರತು ಕೊಲ್ಲಲಾರದು. ಹಣಕಾಸಿನ ವಿಧೇಯಕವಾದರೆ ಅದಕ್ಕಿರುವುದು ಹದಿನಾಲ್ಕು ದಿನ ಮಾತ್ರ. ಸದನದ ಹತ್ತನೆಯ ಒಂದು ಭಾಗದಷ್ಟು ಸದಸ್ಯರಿದ್ದರೆ ಕೋರಂ ಆಯಿತು. ವಿಧಾನಸಭೆಯಲ್ಲಿ ಇಪ್ಪತ್ತಮೂರು ಮಂದಿ ಇದ್ದರೆ ಸಾಕು. ಮಧ್ಯಾಹ್ನದ ಖಾಲಿ ಸದನದಲ್ಲಿ, ಗದ್ದಲದ ನಡುವೆ, ಧ್ವನಿಮತದಿಂದ ಕಾನೂನುಗಳು ಅಂಗೀಕಾರವಾಗುವುದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದುತ್ತೇವೆ.

ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಸರ್ಕಾರಿ ಕಲಾಪಗಳ ನಿರ್ವಹಣೆ ಕುರಿತ 2005ರ ಅಧಿನಿಯಮ ವಿಧಿಸುತ್ತದೆ. ಅದನ್ನು ಅಂಗೀಕರಿಸಿದ್ದು ಇದೇ ವಿಧಾನಮಂಡಲ. ಅನಂತರದ ಹಲವು ವರ್ಷಗಳಲ್ಲಿ ಸದನಗಳು ಆ ಸಂಖ್ಯೆಯ ಸಮೀಪಕ್ಕೂ ಬರಲಿಲ್ಲ. ತಾನೇ ಮಾಡಿದ ಕಾನೂನನ್ನು ತಾನೇ ಪಾಲಿಸದ ಸದನ ಕೆರೆ ಒತ್ತುವರಿ ಮಾಡಿದವನಿಗೆ ಕಾನೂನು ಪಾಲಿಸೆಂದು ಹೇಳುವಾಗ ಅದರ ದನಿ ಕುಗ್ಗುತ್ತದೆ.

ಸದನ ಸೇರದಿದ್ದಾಗ ಸುಗ್ರೀವಾಜ್ಞೆ ಬರುತ್ತದೆ. ಉಳುವವನಲ್ಲದವನು ಕೃಷಿಭೂಮಿ ಕೊಳ್ಳುವುದನ್ನು ಭೂಸುಧಾರಣಾ ಅಧಿನಿಯಮದ 79ಎ, 79ಬಿ ಕಲಂಗಳು ದಶಕಗಳ ಕಾಲ ನಿರ್ಬಂಧಿಸಿದ್ದವು. 2020ರ ಜುಲೈನಲ್ಲಿ, ಸಾಂಕ್ರಾಮಿಕದ ನಡುವೆ, ಅವನ್ನು ಸುಗ್ರೀವಾಜ್ಞೆಯ ಮೂಲಕ ತೆಗೆದುಹಾಕಲಾಯಿತು. ಸೆಪ್ಟೆಂಬರಿನಲ್ಲಿ ವಿಧಾನಸಭೆ ಒಪ್ಪಿತು. ಪರಿಷತ್ತಿನಲ್ಲಿ ಆಗ ಅಂಗೀಕಾರ ದೊರೆಯಲಿಲ್ಲ. ಡಿಸೆಂಬರ್ 8ರಂದು ಪರಿಷತ್ತೂ ಒಪ್ಪಿತು. ಮೇಲ್ಮನೆ ಗಳಿಸಿಕೊಟ್ಟದ್ದು ಎರಡೂವರೆ ತಿಂಗಳ ಕಾಲಾವಕಾಶ. ಆ ಅವಧಿಯಲ್ಲಿ ರೈತ ಸಂಘಟನೆಗಳು ಬೀದಿಗಿಳಿದವು. ಮಲೆನಾಡಿನ ಗುಡ್ಡಗಳಲ್ಲಿ ರೆಸಾರ್ಟುಗಳಿಗೆ, ಆನೇಕಲ್ ತಾಲ್ಲೂಕಿನ ರಾಗಿ ಹೊಲಗಳಲ್ಲಿ ಬಡಾವಣೆಗಳಿಗೆ ಭೂಮಿ ಕೊಳ್ಳುವ ದಾರಿಯನ್ನು ಸುಗಮಗೊಳಿಸಿದ್ದು ಒಂದೇ ಕಾನೂನು ಎಂಬುದನ್ನು ಗಮನಿಸಿ. ನಮ್ಮ ಎರಡು ಊರುಗಳ ನಡುವೆ ನೂರಾರು ಕಿಲೋಮೀಟರಿನ ಅಂತರವಿದೆ. ಕಾನೂನಿನ ಪುಟದಲ್ಲಿ ಅವು ಒಂದೇ ಸಾಲಿನಲ್ಲಿವೆ.

ಕೆರೆಗಳ ವಿಷಯವೂ ಹಾಗೆಯೇ. ಕೆರೆಯಂಚಿನ ಸಂರಕ್ಷಿತ ವಲಯ 75 ಮೀಟರ್ ಇರಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು. ಬೆಂಗಳೂರಿನ ಕೆರೆಗಳ ಕುರಿತ ಆ ಆದೇಶವನ್ನು ಸುಪ್ರೀಂ ಕೋರ್ಟು 2019ರ ಮಾರ್ಚಿನಲ್ಲಿ ರದ್ದುಪಡಿಸಿತು. ನಗರದ ಮಹಾ ಯೋಜನೆಯ 30 ಮೀಟರ್ ಉಳಿಯಿತು. 2025ರ ಮಳೆಗಾಲದ ಅಧಿವೇಶನದಲ್ಲಿ ಅಂಗೀಕಾರ ಪಡೆದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ವಿಧೇಯಕ ಈ ಅಳತೆಯನ್ನು ಕೆರೆಯ ವಿಸ್ತೀರ್ಣಕ್ಕೆ ಜೋಡಿಸಿತು. ಅದರ ಪ್ರಕಾರ ನೂರು ಎಕರೆ ಮೀರಿದ ಕೆರೆಗೆ ಮಾತ್ರ 30 ಮೀಟರ್. ಕೆರೆ ಚಿಕ್ಕದಾದಂತೆ ಅಂಚೂ ಕಿರಿದಾಗುತ್ತದೆ. ಆದರೆ ನಮ್ಮ ಹಿರಿಯರು ಕಟ್ಟಿದ್ದು ಒಂಟಿ ಕೆರೆಗಳನ್ನಲ್ಲ, ಕೆರೆಗಳ ಸರಣಿಯನ್ನು. ಮೇಲಿನ ಚಿಕ್ಕ ಕಟ್ಟೆಯ ಕೋಡಿ ಹರಿದರೆ ಕೆಳಗಿನ ದೊಡ್ಡ ಕೆರೆ ತುಂಬುತ್ತದೆ. ಚಿಕ್ಕದನ್ನು ಬಿಟ್ಟು ದೊಡ್ಡದನ್ನು ಉಳಿಸುತ್ತೇವೆ ಎನ್ನುವುದು ಬೇರನ್ನು ಕಡಿದು ಕಾಂಡಕ್ಕೆ ನೀರೆರೆದಂತೆ.

ಕೆಲವು ತೀರ್ಮಾನಗಳು ಸದನಕ್ಕೆ ಬರುವುದೇ ಇಲ್ಲ. ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿಗಾಗಿ 1966ರಲ್ಲಿ ಮಾಡಿದ ಅಧಿನಿಯಮ ಭೂಸ್ವಾಧೀನದ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆ ಬಳಿಕ ಒಂದೊಂದು ಹಳ್ಳಿಯ ಭೂಮಿಯೂ ಅಧಿಸೂಚನೆಯ ಮೂಲಕ ಹೋಗುತ್ತದೆ. ಪ್ರತಿ ಸಲ ಶಾಸಕರ ಮತ ಬೇಕಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟದ್ದು ಮೂರು ವರ್ಷಗಳಿಗೂ ಹೆಚ್ಚು ಕಾಲ ನಡೆದ ರೈತರ ಧರಣಿಯಿಂದ. ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿಯ ಆಧಾರದ ಕರಡು ಅಧಿಸೂಚನೆ ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಪ್ರದೇಶಕ್ಕೆ, ರಾಜ್ಯದ ಹತ್ತನೆಯ ಒಂದು ಭಾಗಕ್ಕೂ ಮಿಕ್ಕಿದ ನೆಲಕ್ಕೆ ಸಂಬಂಧಿಸಿದ್ದು. ಅದನ್ನು ತಿರಸ್ಕರಿಸುವ ನಿರ್ಣಯವನ್ನು 2024ರ ಸೆಪ್ಟೆಂಬರಿನಲ್ಲಿ ಕೈಗೊಂಡದ್ದು ಸಚಿವ ಸಂಪುಟ. ಆ ವರದಿಯನ್ನು ಒಪ್ಪುವವರೂ ಒಪ್ಪದವರೂ ನಮ್ಮ ಬಳಗದಲ್ಲಿದ್ದಾರೆ. ಆದರೆ ಇಷ್ಟು ದೊಡ್ಡ ಪ್ರಶ್ನೆಯನ್ನು ಸದನದ ಸಮಿತಿಯೊಂದು ಹಳ್ಳಿ ಹಳ್ಳಿಗೆ ಬಂದು, ಜನರ ಮಾತು ಕೇಳಿ, ಲಿಖಿತ ವರದಿಯಾಗಿ ಮಂಡಿಸಬೇಕು ಎಂಬುದರಲ್ಲಿ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎರಡು ಸಮಿತಿಗಳು ಕಲಿಸಿದ ಪಾಠ

ಹೀಗೆ ಹೇಳುತ್ತಾ ಹೋದರೆ ವಿಧಾನಮಂಡಲದಿಂದ ಏನೂ ಆಗದೆಂಬ ನಿರಾಶೆ ಮೂಡೀತು. ಅದು ಸರಿಯಲ್ಲ. ಸದನ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿದ ಎರಡು ನಿದರ್ಶನಗಳು ಇದೇ ಬೆಂಗಳೂರು ನಗರ ಜಿಲ್ಲೆಗೆ ಸೇರಿವೆ.

ಮೊದಲನೆಯದು ಸರ್ಕಾರಿ ಭೂಮಿಯ ಒತ್ತುವರಿಯನ್ನು ಕುರಿತ ಜಂಟಿ ಸದನ ಸಮಿತಿ. ಎ.ಟಿ. ರಾಮಸ್ವಾಮಿಯವರು ಅದರ ಅಧ್ಯಕ್ಷರು. 2007ರಲ್ಲಿ ಅದು ಸಲ್ಲಿಸಿದ ವರದಿಗಳು ಒತ್ತುವರಿಯ ಜಾಲವನ್ನು ದಾಖಲೆಗಳೊಡನೆ ನಾಡಿನ ಮುಂದಿಟ್ಟವು. ಭೂಕಬಳಿಕೆಯನ್ನು ಅಪರಾಧವೆಂದು ಪರಿಗಣಿಸುವ ಪ್ರತ್ಯೇಕ ಅಧಿನಿಯಮ, ಅದಕ್ಕಾಗಿ ವಿಶೇಷ ನ್ಯಾಯಾಲಯ ಮುಂದೆ ಬಂದದ್ದರ ಹಿಂದೆ ಆ ಸಮಿತಿಯ ಶ್ರಮವಿದೆ. ಎರಡನೆಯದು ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳ ಕೆರೆ ಒತ್ತುವರಿಯನ್ನು ಪರಿಶೀಲಿಸಿದ ಸದನ ಸಮಿತಿ. ಕೆ.ಬಿ. ಕೋಳಿವಾಡರು ಅದರ ಅಧ್ಯಕ್ಷರು. 1,500ಕ್ಕೂ ಹೆಚ್ಚು ಕೆರೆಗಳನ್ನು ಪರಿಶೀಲಿಸಿ, 10,000 ಎಕರೆಗೂ ಮಿಕ್ಕಿ ಕೆರೆಭೂಮಿ ಒತ್ತುವರಿಯಾಗಿದೆಯೆಂದು ಅದು 2017ರಲ್ಲಿ ತಿಳಿಸಿತು. ಒತ್ತುವರಿದಾರರಲ್ಲಿ ಖಾಸಗಿಯವರಷ್ಟೇ ಅಲ್ಲದೆ ಸರ್ಕಾರಿ ಸಂಸ್ಥೆಗಳೂ ಇದ್ದವು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ರಾಮಸ್ವಾಮಿಯವರು ಹಾಸನ ಜಿಲ್ಲೆಯ ಅರಕಲಗೂಡಿನ ಶಾಸಕರಾಗಿದ್ದವರು. ಕೋಳಿವಾಡರು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಶಾಸಕರಾಗಿದ್ದವರು. ಬೆಂಗಳೂರಿನ ಭೂಮಿ ಮತ್ತು ಕೆರೆಗಳ ಬಗ್ಗೆ ಸದನದಲ್ಲಿ ನಡೆದ ಎರಡು ಮಹತ್ವದ ತನಿಖೆಗಳ ನೇತೃತ್ವ ವಹಿಸಿದವರು ಬೆಂಗಳೂರಿನಿಂದ ಗೆದ್ದವರಲ್ಲ. ಶಾಸಕನನ್ನು ಆರಿಸುವುದು ಒಂದು ಕ್ಷೇತ್ರ, ಆದರೆ ಅವನು ಸದಸ್ಯನಾಗಿರುವುದು ಇಡೀ ರಾಜ್ಯದ ಸದನಕ್ಕೆ. ಅರಕಲಗೂಡಿನ ಸದಸ್ಯರು ಆನೇಕಲ್ಲಿನ ಗೋಮಾಳದ ಬಗ್ಗೆ ಕೇಳಬಹುದಾದರೆ, ಆನೇಕಲ್ಲಿನ ಸದಸ್ಯರು ಅಘನಾಶಿನಿಯ ಬಗ್ಗೆ ಏಕೆ ಕೇಳಬಾರದು? ಬೆಂಗಳೂರಿನ 28 ಸದಸ್ಯರಲ್ಲಿ ಐವರಾದರೂ ಶರಾವತಿಯ ಬಗ್ಗೆ ಏಕೆ ಪ್ರಶ್ನೆ ಹಾಕಬಾರದು? ಅವರು ಕೇಳುತ್ತಿಲ್ಲವೆಂದರೆ, ಕೇಳಿ ಎಂದು ಅವರ ಮತದಾರರು ಹೇಳಿಲ್ಲ ಎಂದರ್ಥ. ಆ ಮತದಾರರು ನೀವು.

ಕೆರೆ ಮತ್ತು ಹೊಳೆ

ಇದು ಔದಾರ್ಯದ ಮಾತಲ್ಲ, ಎರಡೂ ಕಡೆಯವರ ಹಿತದ ಮಾತು. ಸಕಲೇಶಪುರದ ಘಟ್ಟದಿಂದ ಬಯಲುಸೀಮೆಗೆ 24 ಟಿ.ಎಂ.ಸಿ. ನೀರು ತರುತ್ತೇವೆಂದು ಹೊರಟ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ 8,323 ಕೋಟಿ ರೂಪಾಯಿಗಳಿಂದ 23,251 ಕೋಟಿ ರೂಪಾಯಿಗಳಿಗೆ ಏರಿತು; ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ ನಡೆಯಿತು. ಶರಾವತಿಯ ನೀರನ್ನು ಬೆಂಗಳೂರಿಗೆ ತರುವ ಪ್ರಸ್ತಾಪದ ವಿರುದ್ಧ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಇತ್ತ ಅತ್ತಿಬೆಲೆಯಿಂದ ಅನತಿ ದೂರದ ಚಂದಾಪುರದ ಕೆರೆಗೆ ಕೈಗಾರಿಕೆಗಳ ತ್ಯಾಜ್ಯ ಮತ್ತು ಚರಂಡಿಯ ನೀರು ಹರಿದು, ಅದನ್ನು ರಕ್ಷಿಸಲು ವಿಫಲವಾದುದಕ್ಕೆ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಪರಿಹಾರ ಮೊತ್ತ ತುಂಬಬೇಕೆಂದು ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಆದೇಶಿಸಿತು. ಹತ್ತಿರದ ಕೆರೆಯನ್ನು ಕೊಳೆಯಿಸಿ, ದೂರದ ಹೊಳೆಯನ್ನು ತಿರುಗಿಸಲು ಹಣ ಸುರಿಯುವ ಆಡಳಿತ ನಮ್ಮದು. ಯೋಜನೆಯ ಹಣವಾಗಲಿ, ದಂಡದ ಹಣವಾಗಲಿ ಬೊಕ್ಕಸದಿಂದಲೇ ಹೋಗಬೇಕು. ಅದಕ್ಕೆ ಮಂಜೂರಾತಿ ಕೊಡುವುದು ವಿಧಾನಸಭೆ. ಆದ್ದರಿಂದ ಇಲ್ಲಿ ಉಳಿದ ಪ್ರತಿ ಕೆರೆಯೂ ಅಲ್ಲಿ ಒಂದು ಹೊಳೆಯ ಮೇಲಿನ ಒತ್ತಡವನ್ನು ತಗ್ಗಿಸುತ್ತದೆ. ಈ ವಾದವನ್ನು ಬಜೆಟ್ ಚರ್ಚೆಯಲ್ಲಿ ಎತ್ತಲು ಶೃಂಗೇರಿಯ ಸದಸ್ಯರಿಗಿಂತ ಆನೇಕಲ್ಲಿನ ಸದಸ್ಯರಿಗೆ ಹೆಚ್ಚಿನ ಅಧಿಕಾರವಿದೆ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಮತದಾರರ ಪಟ್ಟಿ. ಕಾನೂನಿನ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ, ಅವರು ಸಾಮಾನ್ಯವಾಗಿ ವಾಸಿಸುವಲ್ಲಿ ಇರಬೇಕು. ನಮ್ಮಲ್ಲಿ ಅನೇಕರ ಹೆಸರು ಊರಿನಲ್ಲಿದೆ, ಬದುಕು ಇಲ್ಲಿದೆ. ಮತದಾನದ ದಿನ ಬಸ್ಸು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಮತವಿಲ್ಲದ ಜನರಿರುವ ಪ್ರದೇಶದ ಬಗ್ಗೆ ಆಡಳಿತಕ್ಕೆ ಕಾಳಜಿಯೂ ಇರುವುದಿಲ್ಲ. 2023ರ ಅಕ್ಟೋಬರ್ 7ರಂದು ಇದೇ ಅತ್ತಿಬೆಲೆಯ ಪಟಾಕಿ ದಾಸ್ತಾನು ಮಳಿಗೆಯಲ್ಲಿ ಬೆಂಕಿಗೆ ಬಲಿಯಾದವರಲ್ಲಿ ಬಹುಪಾಲು ತಮಿಳುನಾಡಿನಿಂದ ಕೆಲಸಕ್ಕೆ ಬಂದ ಯುವಕರು. ಅವರು ದುಡಿಯುತ್ತಿದ್ದ ನೆಲದ ಸುರಕ್ಷತೆಯ ಬಗ್ಗೆ ಉತ್ತರ ಹೇಳಬೇಕಾದ ಸದನವನ್ನು ಆರಿಸುವ ಹಕ್ಕು ಅವರಿಗಿರಲಿಲ್ಲ. ನಮಗೆ ಆ ಹಕ್ಕಿದೆ. ನಮೂನೆ 8ನ್ನು ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಊರಿನ ನಂಟು ಮತದಾರರ ಚೀಟಿಯಿಂದ ಉಳಿಯುವುದಿಲ್ಲ. ಇಲ್ಲಿಯ ಮತವನ್ನು ಊರಿಗಾಗಿಯೂ ಬಳಸುವುದರಿಂದ ಉಳಿಯುತ್ತದೆ.

ಎರಡನೆಯದು, ಪ್ರಶ್ನೆ. ಅಧಿವೇಶನಕ್ಕೆ ಮುನ್ನ ನಿಮ್ಮ ಶಾಸಕರಿಗೆ ಖಚಿತವಾದ, ಚಿಕ್ಕದಾದ ಪ್ರಶ್ನೆಗಳನ್ನು ಬರೆದುಕೊಡಿ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರಿಸಬೇಕು; ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಎರಡೂ ದಾಖಲೆಯಾಗುತ್ತವೆ. ಮೂರನೆಯದು, ಭರವಸೆ. ‘ಕ್ರಮ ಕೈಗೊಳ್ಳಲಾಗುವುದು’ ಎಂದು ಸಚಿವರು ಸದನದಲ್ಲಿ ಹೇಳಿದರೆ ಅದರ ಬೆನ್ನು ಹತ್ತಲು ಭರವಸೆಗಳ ಸಮಿತಿಯಿದೆ. ನಾಲ್ಕನೆಯದು, ಅರ್ಜಿ. ಸದಸ್ಯರೊಬ್ಬರ ಮೂಲಕ ನಾಗರಿಕರು ಸದನಕ್ಕೇ ಅರ್ಜಿ ಸಲ್ಲಿಸಬಹುದು; ಅದನ್ನು ಪರಿಶೀಲಿಸಲು ಅರ್ಜಿಗಳ ಸಮಿತಿಯಿದೆ. ಐದನೆಯದು, ವಿಧೇಯಕ. ಮಂಡನೆಯಾದ ದಿನವೇ ಅದರ ಪ್ರತಿಯನ್ನು ಪಡೆದು ಓದುವ ಒಂದು ಚಿಕ್ಕ ಗುಂಪು ಇಲ್ಲಿ ರೂಪುಗೊಳ್ಳಲಿ. ಸದನಕ್ಕೆ ಓದಲು ಸಮಯವಿಲ್ಲದಿದ್ದರೆ ನಾವು ಓದೋಣ, ಓದಿದ್ದನ್ನು ಶಾಸಕರ ಕಚೇರಿಗೆ ತಲುಪಿಸೋಣ.

ಮುಂಬರುವ ಮರುವಿಂಗಡಣೆಯ ಕಾಲದಲ್ಲಿ ಆಯೋಗದ ಮುಂದೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುತ್ತದೆ. ಕ್ಷೇತ್ರಗಳ ಗಡಿ ಎಳೆಯುವಾಗ ಜನಸಂಖ್ಯೆಯ ಜೊತೆಗೆ ಭೌಗೋಳಿಕ ಲಕ್ಷಣ, ಸಂಪರ್ಕ ಸೌಲಭ್ಯಗಳನ್ನೂ ಗಣಿಸಬೇಕೆಂದು ಕಾನೂನು ಹೇಳುತ್ತದೆ. ಒಂದು ನದಿಯ ಜಲಾನಯನವನ್ನು ಮೂರು ಕ್ಷೇತ್ರಗಳಿಗೆ ಹರಿದು ಹಂಚಬೇಡಿ ಎಂದು ನಾವು ಈಗಿನಿಂದಲೇ ನಕ್ಷೆಗಳೊಡನೆ ಸಿದ್ಧರಾಗಬೇಕು. ಸ್ಥಾನಗಳ ಸಂಖ್ಯೆಯನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಉಳಿದ ಸ್ಥಾನಗಳು ಯಾರ ಪರವಾಗಿ ಮಾತನಾಡಬೇಕೆಂಬುದನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿದೆ.

ಈ ಸಭೆ ಮುಗಿದ ಮೇಲೆ ಹೊರಗಿನ ಮೇಜಿನ ಬಳಿ ಹೆಸರು ವರ್ಗಾವಣೆಯ ಅರ್ಜಿಗಳನ್ನೂ, ಪದವೀಧರ ಕ್ಷೇತ್ರದ ನೋಂದಣಿಯ ವಿವರಗಳನ್ನೂ ಇಟ್ಟಿದ್ದೇವೆ. ದಯವಿಟ್ಟು ತೆಗೆದುಕೊಂಡು ಹೋಗಿ, ನಿಮ್ಮ ಕಾರ್ಖಾನೆಯಲ್ಲಿ, ಬಾಡಿಗೆ ಮನೆಯ ಸಾಲಿನಲ್ಲಿ ಇರುವವರಿಗೂ ಕೊಡಿ. ಮುಂದಿನ ಅಧಿವೇಶನಕ್ಕೆ ಮುನ್ನ ಕೇಳಬೇಕಾದ ಪ್ರಶ್ನೆಗಳನ್ನು ಮತ್ತೊಮ್ಮೆ ಕೂಡಿ ಬರೆಯೋಣ.